ಮರ ಕೊರೆಯುವ ದುಂಬಿಗೆ ಊರ ಕಾವಲು: ಸ್ವಯಂಸೇವಕರಿಗೆ ಏನು ಕಲಿಸಬೇಕು, ಹೇಗೆ ಕಲಿಸಬೇಕು

1996ರಲ್ಲಿ ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿ ಒಬ್ಬ ನಿವಾಸಿ ತಮ್ಮ ಬೀದಿಯ ಮೇಪಲ್ ಮರಗಳ ಮೈಮೇಲೆ ಪೆನ್ಸಿಲ್ ತೂರುವಷ್ಟು ಅಗಲದ ದುಂಡು ತೂತುಗಳನ್ನು ಕಂಡರು. ಯಾರೋ ಕಿಡಿಗೇಡಿಗಳು ಡ್ರಿಲ್ ಹಾಕಿದ್ದಾರೆ ಎಂದುಕೊಂಡರು. ಅದು ಏಷ್ಯನ್ ಉದ್ದಮೀಸೆ ದುಂಬಿಯ ಕೆಲಸವೆಂದು ಆಮೇಲೆ ತಿಳಿಯಿತು. ಸರಕು ತುಂಬಿದ ಮರದ ಪೆಟ್ಟಿಗೆಗಳಲ್ಲಿ ಅದು ಚೀನಾ ಕಡೆಯಿಂದ ಬಂದಿಳಿದಿತ್ತು. 1998ರಲ್ಲಿ ಶಿಕಾಗೋದಲ್ಲಿ, 2008ರಲ್ಲಿ ಮ್ಯಾಸಚೂಸೆಟ್ಸ್‌ನ ವುಸ್ಟರ್‌ನಲ್ಲಿ ಅದೇ ದುಂಬಿ ಸಿಕ್ಕಿದ್ದೂ ಊರಿನ ಜನರ ಕಣ್ಣಿಗೇ. 2021ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಎರಡು ಮಿಲಿಮೀಟರ್ ಉದ್ದದ ಮತ್ತೊಂದು ದುಂಬಿ ಪತ್ತೆಯಾಯಿತು. ಅಲ್ಲಿಯೂ ಒಬ್ಬರು ತಮ್ಮ ಹಿತ್ತಲ ಮರ ಸೊರಗಿದ್ದನ್ನು ಗಮನಿಸಿ ಸರ್ಕಾರಕ್ಕೆ ತಿಳಿಸಿದ್ದರು.

ಈ ನಾಲ್ಕೂ ಕಡೆ ಸರ್ಕಾರದ ಕೀಟತಜ್ಞರಿದ್ದರು, ಪ್ರಯೋಗಾಲಯಗಳಿದ್ದವು. ಆದರೂ ಮೊದಲು ಕಂಡವರು ಬೇರೆಯವರು. ಇದರಲ್ಲಿ ತಜ್ಞರ ತಪ್ಪೇನೂ ಇಲ್ಲ. ಒಂದು ಜಿಲ್ಲೆಗೆ ಕೀಟತಜ್ಞರು ಬೆರಳೆಣಿಕೆಯಷ್ಟು, ಮರಗಳು ಲಕ್ಷಗಟ್ಟಲೆ. ಹರಿಹರದಿಂದ ಹಿರಿಯೂರಿನವರೆಗೆ ಹೆದ್ದಾರಿಯ ಎರಡೂ ಬದಿ, ಕೆರೆ ಏರಿಗಳು, ಶಾಲೆಯ ಅಂಗಳಗಳು, ತೋಟದ ಬದುಗಳು ಸೇರಿದರೆ ಆ ಮರಗಳ ಬುಡಕ್ಕೆಲ್ಲ ಹೋಗಿ ನಿಲ್ಲುವ ಇಲಾಖೆ ಯಾವುದೂ ಇಲ್ಲ, ಇರಲೂ ಸಾಧ್ಯವಿಲ್ಲ. ಹಾಗಾಗಿ ಜನರಿಗೆ ತರಬೇತಿ ಕೊಡುವ ಪದ್ಧತಿ ಹಲವು ದೇಶಗಳಲ್ಲಿ ಬೆಳೆದಿದೆ. ದಾವಣಗೆರೆ, ಚಿತ್ರದುರ್ಗದಲ್ಲಿ ಅಂಥ ತರಬೇತಿ ನಡೆಸುವುದಾದರೆ ಹೇಗಿರಬೇಕು ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸ್ವಯಂಸೇವಕರಿಗೆ ದುಂಬಿಯ ಹೆಸರು, ಜಾತಿ, ಕಾಲಿನ ಗಂಟುಗಳನ್ನು ಕಲಿಸಲು ಹೊರಟರೆ ತರಬೇತಿ ಕೆಡುತ್ತದೆ. ದುಂಬಿಯನ್ನು ಅವರು ಬಹುತೇಕ ನೋಡುವುದೇ ಇಲ್ಲ. ಅವರಿಗೆ ಕಾಣುವುದು ಮರ. ಆರೋಗ್ಯವಾದ ಬೇವು, ಆರೋಗ್ಯವಾದ ಹುಣಸೆ ಹೇಗಿರುತ್ತದೆಂದು ಬಲ್ಲವರಿಗೆ ಮಾತ್ರ ಅದರಲ್ಲಾದ ಬದಲಾವಣೆ ಗೊತ್ತಾಗುತ್ತದೆ.

ಮರದೊಳಗಿನ ಬದುಕು

ದುಂಬಿ ಏಕೆ ಕಾಣುವುದಿಲ್ಲ ಎಂಬುದು ಅದರ ಜೀವನಚಕ್ರದಲ್ಲೇ ಇದೆ. ಕಾಂಡ ಕೊರೆಯುವ ಹೆಚ್ಚಿನ ದುಂಬಿಗಳು ಆಯುಸ್ಸಿನ ಬಹುಪಾಲನ್ನು ಮರಿಹುಳುವಾಗಿ ಮರದೊಳಗೇ ಕಳೆಯುತ್ತವೆ. ತಾಯಿ ತೊಗಟೆಯಲ್ಲಿ ಮೊಟ್ಟೆ ಇಡುತ್ತದೆ, ಮರಿ ಒಳಗೆ ಇಳಿದು ತಿನ್ನುತ್ತ ಬೆಳೆಯುತ್ತದೆ, ಅಲ್ಲೇ ಕೋಶವಾಗುತ್ತದೆ, ರೆಕ್ಕೆ ಬಂದ ಮೇಲೆ ತೂತು ಕೊರೆದು ಹೊರಗೆ ಹಾರುತ್ತದೆ. ಉದ್ದಮೀಸೆ ದುಂಬಿಗಳಲ್ಲಿ ಇದಕ್ಕೆ ಒಂದು ವರ್ಷ, ಕೆಲವೊಮ್ಮೆ ಎರಡು ವರ್ಷ ಬೇಕು. ನಮಗೆ ಕಾಣುವ ದೊಡ್ಡ ತೂತು ಹುಳು ಹೊರಬಿದ್ದ ಗುರುತು. ಅದು ಕಂಡಾಗ ಒಂದು ಪೀಳಿಗೆ ಆಗಲೇ ಮುಗಿದಿರುತ್ತದೆ.

ಉತ್ತರ ಅಮೆರಿಕದ ಆಷ್ ಮರಗಳಿಗೆ ಬಂದ ಹಸಿರು ದುಂಬಿಯ ಕಥೆ ಇದಕ್ಕೆ ದೊಡ್ಡ ಸಾಕ್ಷಿ. ಈಶಾನ್ಯ ಏಷ್ಯಾ ಮೂಲದ ಈ ಎಮರಾಲ್ಡ್ ಆಷ್ ಬೋರರ್ ಅನ್ನು ಡೆಟ್ರಾಯಿಟ್ ಬಳಿ ಗುರುತಿಸಿದ್ದು 2002ರಲ್ಲಿ. ಸತ್ತ ಮರಗಳ ವರ್ಷದ ಉಂಗುರಗಳನ್ನು ಎಣಿಸಿ ಹಿಂದಕ್ಕೆ ಹೋದ ವಿಜ್ಞಾನಿಗಳು, ಅದು 1990ರ ದಶಕದ ಮೊದಲ ಭಾಗದಲ್ಲೇ ಅಲ್ಲಿ ನೆಲೆಸಿತ್ತು ಎಂದು ತೋರಿಸಿದರು. ಸುಮಾರು ಒಂದು ದಶಕ ಅದು ಯಾರ ಗಮನಕ್ಕೂ ಬಾರದೆ ಹರಡಿತು. ಆಮೇಲೆ ಕೋಟ್ಯಂತರ ಆಷ್ ಮರಗಳು ಸತ್ತವು. ಶಿಕಾಗೋದಲ್ಲಿ ಉದ್ದಮೀಸೆ ದುಂಬಿಯನ್ನು ಬೇಗ ಕಂಡಿದ್ದರಿಂದ ಸೋಂಕಿನ ಮರಗಳನ್ನು ಕಡಿದು, ಸುತ್ತಲಿನ ಮರಗಳಿಗೆ ಔಷಧ ಕೊಟ್ಟು, ಹತ್ತು ವರ್ಷಗಳಲ್ಲಿ ಅದನ್ನು ಪೂರ್ತಿ ತೊಲಗಿಸಲು ಸಾಧ್ಯವಾಯಿತು. ವುಸ್ಟರ್‌ನಲ್ಲಿ ತಡವಾಯಿತು, ಅಲ್ಲಿ 30,000ಕ್ಕೂ ಹೆಚ್ಚು ಮರಗಳನ್ನು ಕಡಿಯಬೇಕಾಯಿತು.

ಮೂರನೆಯ ಬಗೆಯ ದುಂಬಿಗಳು ಇನ್ನೂ ವಿಚಿತ್ರ. ಆಂಬ್ರೋಸಿಯಾ ದುಂಬಿ ಎಂದು ಕರೆಯುವ ಇವು ಕಟ್ಟಿಗೆಯನ್ನು ತಿನ್ನುವುದೇ ಇಲ್ಲ. ಹೆಣ್ಣು ದುಂಬಿ ಬಾಯಿಯ ಬಳಿಯ ಪುಟ್ಟ ಚೀಲದಲ್ಲಿ ಶಿಲೀಂಧ್ರದ ಬೀಜಾಣುಗಳನ್ನು ಹೊತ್ತು ತರುತ್ತದೆ, ಕಾಂಡದಲ್ಲಿ ಸುರಂಗ ಕೊರೆದು ಗೋಡೆಗೆ ಅದನ್ನು ಬಿತ್ತುತ್ತದೆ, ಬೆಳೆದ ಶಿಲೀಂಧ್ರವನ್ನು ತಾನೂ ಮರಿಗಳೂ ತಿನ್ನುತ್ತವೆ. ಮರವನ್ನು ಸೊರಗಿಸುವುದರಲ್ಲಿ ಸುರಂಗಕ್ಕಿಂತ ಈ ಶಿಲೀಂಧ್ರದ ಪಾಲು ಹೆಚ್ಚು. ಉಪ್ಪು ಕಟ್ಟಿದ ಡ್ರಿಪ್ ಪೈಪಿನಲ್ಲಿ ನೀರು ಹೇಗೆ ನಿಂತುಹೋಗುತ್ತದೋ, ಹಾಗೆ ಬೇರಿನಿಂದ ಮೇಲೇರುವ ನೀರಿನ ನಾಳಗಳು ಕಟ್ಟಿಕೊಳ್ಳುತ್ತವೆ. ಬುಡದಲ್ಲಿ ನೀರಿದ್ದೂ ಕೊಂಬೆ ಒಣಗುತ್ತದೆ.

ಈ ಗುಂಪಿನ ಹಲವು ಜಾತಿಗಳಲ್ಲಿ ಗಂಡು ಹಾರುವುದಿಲ್ಲ, ಸುರಂಗದಲ್ಲೇ ಉಳಿಯುತ್ತದೆ. ಹೆಣ್ಣು ಹುಟ್ಟಿದ ಸುರಂಗದಲ್ಲಿ ಸೋದರರೊಡನೆಯೇ ಕೂಡಿ ಹೊರಬರುತ್ತದೆ. ಹೀಗಾಗಿ ಒಂದೇ ಒಂದು ಹೆಣ್ಣು ಹೊಸ ಊರಿಗೆ ತಲುಪಿದರೂ ಅಲ್ಲಿ ವಂಶ ಬೆಳೆಯಬಲ್ಲದು. ಒಂದು ತುಂಡು ಹಸಿ ಸೌದೆ ಏಕೆ ಅಪಾಯ ಎಂಬುದು ಇದರಿಂದ ಅರ್ಥವಾಗುತ್ತದೆ.

ಬರುವ ದಾರಿ

ಹೊರಗಿನ ಕೀಟ ನಮ್ಮ ಹೊಲಕ್ಕೆ ಬಂದದ್ದನ್ನು ದಾವಣಗೆರೆಯ ಮೆಕ್ಕೆಜೋಳದ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಅಮೆರಿಕ ಖಂಡದ ಫಾಲ್ ಸೈನಿಕ ಹುಳು 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಮೊದಲು ಗುರುತಾಯಿತು. ಏಷ್ಯಾದಲ್ಲೇ ಅದು ಮೊದಲ ದಾಖಲೆ. ಕೆಲವೇ ತಿಂಗಳಲ್ಲಿ ಅದು ಹಲವು ರಾಜ್ಯಗಳನ್ನು ದಾಟಿತ್ತು. ಪತಂಗವಾದ್ದರಿಂದ ಅದು ತಾನೇ ದೂರ ಹಾರಬಲ್ಲದು. ಮರದ ದುಂಬಿಗಳಲ್ಲಿ ಹೆಚ್ಚಿನವು ಹಾಗಲ್ಲ. ಹುಟ್ಟಿದ ಮರದ ಆಸುಪಾಸಿನಲ್ಲೇ ಇನ್ನೊಂದು ಮರ ಸಿಕ್ಕರೆ ಅಲ್ಲೇ ಇಳಿಯುತ್ತವೆ. ಅವುಗಳನ್ನು ನೂರಾರು ಮೈಲಿ ಸಾಗಿಸುವುದು ನಾವು. ಮರದ ಪೆಟ್ಟಿಗೆ, ಯಂತ್ರಗಳ ಅಡಿಗೆ ಹಾಕುವ ಪ್ಯಾಲೆಟ್, ಹಸಿ ದಿಮ್ಮಿ, ನರ್ಸರಿ ಸಸಿ, ಸೌದೆ: ಇವೇ ಅವುಗಳ ವಾಹನ.

ಪೆಟ್ಟಿಗೆ, ಪ್ಯಾಲೆಟ್‌ಗಳಿಗೆ ಅಂತರರಾಷ್ಟ್ರೀಯ ನಿಯಮವಿದೆ. 2002ರಲ್ಲಿ ಒಪ್ಪಿದ ಆ ನಿಯಮದ ಪ್ರಕಾರ ಕಟ್ಟಿಗೆಯ ನಡುಭಾಗವೂ 56 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕನಿಷ್ಠ 30 ನಿಮಿಷ ಇರಬೇಕು, ಇಲ್ಲವೇ ನಿಗದಿಪಡಿಸಿದ ಬೇರೆ ಉಪಚಾರ ಆಗಿರಬೇಕು. ಆದದ್ದಕ್ಕೆ ಸಾಕ್ಷಿಯಾಗಿ ಗೋಧಿ ತೆನೆಯ ಚಿತ್ರವಿರುವ ಮುದ್ರೆ ಒತ್ತುತ್ತಾರೆ. ತರಬೇತಿಯಲ್ಲಿ ಈ ಮುದ್ರೆಯನ್ನು ತೋರಿಸಲೇಬೇಕು. ಕಾರ್ಖಾನೆ ಹಿಂಭಾಗದಲ್ಲೋ ಗುಜರಿ ಅಂಗಡಿಯಲ್ಲೋ ಒಡೆದು ಬಿದ್ದ ಪ್ಯಾಲೆಟ್ ಕಂಡಾಗ ಮುದ್ರೆ ಇದೆಯೇ, ಕಟ್ಟಿಗೆಯಲ್ಲಿ ತೊಗಟೆ ಉಳಿದಿದೆಯೇ, ತೂತಿನಿಂದ ಹೊಸ ಪುಡಿ ಬರುತ್ತಿದೆಯೇ ಎಂದು ನೋಡುವುದು ಯಾರಿಗಾದರೂ ಸಾಧ್ಯ.

ಊರೊಳಗಿನ ಸೌದೆಗೆ ಅಂಥ ನಿಯಮ ಕಾಣುವುದಿಲ್ಲ. ದಾವಣಗೆರೆಯ ಬೆಣ್ಣೆದೋಸೆ ಸೌದೆ ಒಲೆಯ ಮೇಲೆ ಬೇಯುವುದರಲ್ಲೇ ಅದರ ರುಚಿಯಿದೆ, ಅದನ್ನು ಬಿಡಿ ಎಂದು ಯಾರೂ ಹೇಳುವುದಿಲ್ಲ. ಆದರೆ ಸೌದೆ ಎಲ್ಲಿಂದ ಬಂತು, ಎಷ್ಟು ದಿನ ರಾಶಿ ಬಿದ್ದಿದೆ, ರಾಶಿಯ ಬಳಿ ಯಾವ ಮರಗಳಿವೆ ಎಂಬುದು ಕಾವಲಿನವರಿಗೆ ಗೊತ್ತಿರಬೇಕು. ಹೋಟೆಲ್ ಹಿತ್ತಲು, ಸೌದೆ ಡಿಪೋ, ಸಾಮಿಲ್, ಲಾರಿ ನಿಲ್ಲುವ ಜಾಗ, ಇವುಗಳ ಸುತ್ತಲಿನ ಮರಗಳನ್ನು ಮೊದಲು ನೋಡಿ ಎನ್ನುವುದು ಇದೇ ಕಾರಣಕ್ಕೆ. ಊರನ್ನು ಸಮನಾಗಿ ಹಂಚಿಕೊಂಡು ಎಲ್ಲ ಬೀದಿಗಳಲ್ಲೂ ತಿರುಗುವುದಕ್ಕಿಂತ ಹೀಗೆ ಅಪಾಯದ ಜಾಗಗಳಿಂದ ಶುರುಮಾಡುವುದು ಉತ್ತಮ.

ನಮ್ಮ ಹತ್ತಿರಕ್ಕೇ ಬಂದಿರುವ ಉದಾಹರಣೆಯೂ ಇದೆ. ಮಧ್ಯ ಮತ್ತು ದಕ್ಷಿಣ ಅಮೆರಿಕ ಮೂಲದ ಯುಪ್ಲಾಟಿಪಸ್ ಪ್ಯಾರಲಲಸ್ ಎಂಬ ಆಂಬ್ರೋಸಿಯಾ ದುಂಬಿ ಗೋವಾದ ಗೇರು ಮರಗಳಲ್ಲಿ, ಬಳಿಕ ಕೇರಳದ ಕಣ್ಣೂರು ಜಿಲ್ಲೆಯ ರಬ್ಬರ್ ಮರಗಳಲ್ಲಿ ವರದಿಯಾಗಿದೆ. ಎರಡೂ ನಮ್ಮ ನೆರೆ ರಾಜ್ಯಗಳು.

ದಾಳಿಂಬೆ ತೋಟವೇ ಪಾಠಶಾಲೆ

ಪರ್ತ್‌ನಲ್ಲಿ ಸಿಕ್ಕ ಎರಡು ಮಿಲಿಮೀಟರಿನ ದುಂಬಿಯೂ ಆಂಬ್ರೋಸಿಯಾ ಗುಂಪಿನದೇ. ಅದರ ತವರು ಯಾವುದು ಗೊತ್ತೇ? ನಮ್ಮ ಏಷ್ಯಾ. 1868ರಲ್ಲಿ ವಿಜ್ಞಾನಿಗಳು ಅದನ್ನು ಮೊದಲು ವಿವರಿಸಿದ್ದು ಶ್ರೀಲಂಕಾದ ಮಾದರಿಯಿಂದ. ಅದರ ಬಳಗ ಅಲ್ಲಿನ ಮತ್ತು ದಕ್ಷಿಣ ಭಾರತದ ಚಹಾ ತೋಟಗಳಲ್ಲಿ ಹಳೆಯ ಪಿಡುಗು. ಅದು 2009ರಲ್ಲಿ ಇಸ್ರೇಲಿನ ಬೆಣ್ಣೆಹಣ್ಣಿನ ತೋಟಗಳಲ್ಲಿ, 2012ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ, 2017ರಲ್ಲಿ ದಕ್ಷಿಣ ಆಫ್ರಿಕಾದ ಪೀಟರ್‌ಮಾರಿಟ್ಸ್‌ಬರ್ಗ್‌ನ ಸಸ್ಯೋದ್ಯಾನದಲ್ಲಿ ತಲೆನೋವಾಗಿ ಕಾಣಿಸಿಕೊಂಡಿತು. ನೂರಾರು ಬಗೆಯ ಮರಗಳನ್ನು ಅದು ಕೊರೆಯಬಲ್ಲದು. ಪರ್ತ್‌ನಲ್ಲಿ ಸಾವಿರಾರು ಮರಗಳನ್ನು ಕಡಿದು, ಸವರಿ ನೋಡಿದ ಮೇಲೂ, ಅದನ್ನು ಪೂರ್ತಿ ತೊಲಗಿಸುವುದು ಸಾಧ್ಯವಿಲ್ಲವೆಂದು 2025ರಲ್ಲಿ ಒಪ್ಪಿಕೊಳ್ಳಬೇಕಾಯಿತು.

ಹಿರಿಯೂರು, ಹೊಸದುರ್ಗದ ದಾಳಿಂಬೆ ಬೆಳೆಗಾರರಿಗೆ ‘ಶಾಟ್ ಹೋಲ್ ಬೋರರ್’ ಎಂದರೆ ಹೊಸ ಹೆಸರಲ್ಲ. ಪರ್ತ್‌ನವರು ಹೆದರುವ ದುಂಬಿಯ ಬಳಗವೇ ಅದು. ಬುಡದ ಕಡೆ ಗುಂಡುಸೂಜಿ ಗಾತ್ರದ ತೂತು, ಸುತ್ತ ಬಿಳಿ ಪುಡಿ, ಎಲೆ ಹಳದಿಯಾಗಿ ಗಿಡ ಸೊರಗುವುದು: ಈ ಕ್ರಮವನ್ನು ಅವರು ಬಾಯಿಪಾಠದಲ್ಲಿ ಹೇಳುತ್ತಾರೆ. ದಾಳಿಂಬೆಯ ಸೊರಗು ರೋಗದ ಶಿಲೀಂಧ್ರ ಮತ್ತು ಈ ದುಂಬಿ ಎಷ್ಟೋ ಸಲ ಒಂದೇ ಗಿಡದಲ್ಲಿ ಜೊತೆಯಾಗಿರುತ್ತವೆ ಎಂಬುದೂ ಅವರಿಗೆ ಗೊತ್ತು. ಅದಕ್ಕೇ ಕಾಂಡಕ್ಕೆ ಕೆಮ್ಮಣ್ಣು ಬೆರೆಸಿದ ಔಷಧದ ಲೇಪ ಬಳಿಯುತ್ತಾರೆ.

ತರಬೇತಿಯ ಅರ್ಧ ದಿನವನ್ನಾದರೂ ಇಂಥ ತೋಟದಲ್ಲಿ ಕಳೆಯಬೇಕು, ಪಾಠ ಹೇಳುವವರು ರೈತರೇ ಆಗಬೇಕು. ಪರದೆಯ ಮೇಲೆ ಹತ್ತು ಪಟ್ಟು ದೊಡ್ಡದಾಗಿ ತೋರಿಸಿದ ತೂತನ್ನು ನೋಡಿದವರು ತೋಟಕ್ಕೆ ಬಂದು ಒಂದು ಮಿಲಿಮೀಟರಿನ ನಿಜವಾದ ತೂತನ್ನು ಎದುರಿಗಿಟ್ಟರೂ ಕಾಣದೆ ತಡಕಾಡುತ್ತಾರೆ. ಬಾಲ್ ಪೆನ್ನಿನ ಮೊನೆಯಷ್ಟು ಎಂದರೆ ಎಷ್ಟು ಎಂಬುದು ಕಣ್ಣಿಗೆ ಕೂರಬೇಕಾದರೆ ನಿಜವಾದ ಕಾಂಡ, ನಿಜವಾದ ಬಿಸಿಲು ಬೇಕು. ರೋಗ ಬಿದ್ದು ಕಿತ್ತ ಗಿಡವಿದ್ದರೆ ಅಲ್ಲೇ ಸೀಳಿ ಸುರಂಗ ತೋರಿಸಬಹುದು. ಸುರಂಗದ ಸುತ್ತ ಕಟ್ಟಿಗೆ ಕಂದು ಬಣ್ಣಕ್ಕೆ ತಿರುಗಿರುವುದು ಶಿಲೀಂಧ್ರದ ಗುರುತು. ಆ ತುಂಡುಗಳನ್ನು ಯಾರೂ ಮನೆಗೆ ಒಯ್ಯದೆ ಅಲ್ಲೇ ಸುಡಬೇಕು. ಬದುವಿನಲ್ಲಿ ಔಡಲ ಗಿಡವಿದ್ದರೆ ಅದನ್ನೂ ನೋಡಿಸಬೇಕು. ಈ ದುಂಬಿಗೆ ಬಲು ಇಷ್ಟವಾದ ಗಿಡಗಳಲ್ಲಿ ಅದೂ ಒಂದು.

ಇಲ್ಲೇ ಇನ್ನೊಂದು ತಿಳಿವಳಿಕೆಯೂ ಮೂಡುತ್ತದೆ. ಒಂದು ಕೀಟ ತನ್ನ ತವರಿನಲ್ಲಿ ಶತ್ರುಗಳ ನಡುವೆ, ತನಗೆ ಒಗ್ಗಿಕೊಂಡ ಮರಗಳ ನಡುವೆ ಬದುಕುತ್ತದೆ. ಹೊಸ ನೆಲದಲ್ಲಿ ಅದನ್ನು ತಿನ್ನುವವರೂ ಕಡಿಮೆ, ಎದುರಿಸಲು ಕಲಿತ ಮರಗಳೂ ಕಡಿಮೆ. ಹಾಗೆಂದು ತವರಿನ ಕೀಟವೆಲ್ಲ ನಿರುಪದ್ರವಿ ಎಂದಲ್ಲ, ದಾಳಿಂಬೆಯೇ ಸಾಕ್ಷಿ. ಒಂದೇ ಬೆಳೆಯನ್ನು ಒತ್ತೊತ್ತಾಗಿ ಬೆಳೆದಾಗ, ಬರದಲ್ಲಿ ಮರ ಬಳಲಿದಾಗ, ರಸ್ತೆ ಅಗಲಿಸುವಾಗ ಬೇರು ಕಡಿದಾಗ ನಮ್ಮ ನೆಲದ ಕೊರಕಗಳೂ ಮೇಲುಗೈ ಸಾಧಿಸುತ್ತವೆ. ಚಳ್ಳಕೆರೆ, ಹಿರಿಯೂರಿನಂಥ ಕಡಿಮೆ ಮಳೆಯ ಸೀಮೆಯಲ್ಲಿ ಇದನ್ನು ಸದಾ ನೆನಪಿಡಬೇಕು.

ತೂತಿಗಿಂತ ಮೊದಲು ಮರ

ಸ್ವಯಂಸೇವಕರೊಬ್ಬರಿಗೆ ಶುರುವಿನಲ್ಲಿ ಐದಾರು ಜಾತಿಯ ಮರ ಸಾಕು. ಬೇವು, ಹೊಂಗೆ, ಹುಣಸೆ, ಮಾವು, ಆಲ, ಗುಲ್‌ಮೊಹರ್ ಎಂದಿಟ್ಟುಕೊಳ್ಳೋಣ. ಯಾವ ಮರ ಯಾವಾಗ ಎಲೆ ಉದುರಿಸುತ್ತದೆ, ಯಾವಾಗ ಚಿಗುರುತ್ತದೆ, ತೊಗಟೆ ಸಹಜವಾಗಿ ಹೇಗೆ ಬಿರಿಯುತ್ತದೆ, ಅಂಟು ಸಹಜವಾಗಿ ಎಲ್ಲಿ ಒಸರುತ್ತದೆ ಎಂಬುದನ್ನು ಒಂದು ವರ್ಷ ಬರೆದಿಡಬೇಕು. ಮರಗಳ ಚಿಗುರು, ಹೂ, ಕಾಯಿಗಳ ಕಾಲವನ್ನು ಶಾಲಾ ಮಕ್ಕಳಿಂದ ದಾಖಲಿಸುವ ‘ಸೀಸನ್‌ವಾಚ್’ ಎಂಬ ಜನವಿಜ್ಞಾನ ಯೋಜನೆ ಭಾರತದಲ್ಲಿ ಈಗಾಗಲೇ ಇದೆ. ಅದರಲ್ಲಿ ಪಳಗಿದ ಮಕ್ಕಳು ಈ ಕೆಲಸಕ್ಕೂ ಬೇಗ ಒಗ್ಗುತ್ತಾರೆ. ಫೆಬ್ರುವರಿಯಲ್ಲಿ ಬೇವು ಬೋಳಾದರೆ ಅದು ರೋಗವಲ್ಲ. ಮಳೆಗಾಲ ಮುಗಿದ ಮೇಲೆ ಬೇವಿನ ತುದಿಕೊಂಬೆಗಳೆಲ್ಲ ಕಂದಾಗಿ ಒಣಗಿದರೆ ಅದು ಬಹುತೇಕ ಶಿಲೀಂಧ್ರದಿಂದ ಬರುವ ತುದಿಸಾವು, ದುಂಬಿಯದಲ್ಲ. ಇಷ್ಟು ಗೊತ್ತಿದ್ದರೆ ಅರ್ಧ ಗಾಬರಿ ಅಲ್ಲೇ ಇಳಿಯುತ್ತದೆ.

ನೋಡುವ ಕ್ರಮ ಮೇಲಿನಿಂದ ಕೆಳಕ್ಕೆ. ಮೊದಲು ದೂರ ನಿಂತು ನೆತ್ತಿ: ಒಂದು ಬದಿ ಮಾತ್ರ ಒಣಗಿದೆಯೇ, ಎಲೆ ತೆಳುವಾಗಿದೆಯೇ. ಆಮೇಲೆ ಕವಲುಗಳು. ಕೊನೆಗೆ ಕಾಂಡವನ್ನು ಸುತ್ತುಹಾಕಿ ಬುಡದವರೆಗೆ. ರಸ್ತೆಯ ಕಡೆಯಿಂದ ಮಾತ್ರ ನೋಡಿ ಮುಂದೆ ಹೋಗುವುದು ಎಲ್ಲರೂ ಮಾಡುವ ತಪ್ಪು. ಬುಡದ ಮಣ್ಣಿನ ಮೇಲೂ, ಕವಲಿನ ಸಂದಿಯಲ್ಲೂ ಪುಡಿ ಬಿದ್ದಿದೆಯೇ ನೋಡಬೇಕು. ಜೋರು ಮಳೆ ಬಂದ ಮರುದಿನ ಪುಡಿ ತೊಳೆದುಹೋಗಿರುತ್ತದೆ. ಎರಡು ಮೂರು ದಿನ ಒಣಗಿದ ಮೇಲೆ ಹೋಗಬೇಕು.

ತೂತಿನ ಆಕಾರ ಮತ್ತು ಅಳತೆ ಮಾತಾಡುತ್ತವೆ. ಒಂದು ಮಿಲಿಮೀಟರಿನ ದುಂಡು ತೂತು ಆಂಬ್ರೋಸಿಯಾ ದುಂಬಿಗಳ ಕಡೆಗೆ ಬೊಟ್ಟು ಮಾಡುತ್ತದೆ. ಮೂರು ನಾಲ್ಕು ಮಿಲಿಮೀಟರಿನದಾಗಿ, ಒಂದು ಬದಿ ನೇರ, ಇನ್ನೊಂದು ಬದಿ ಕಮಾನಾಗಿದ್ದರೆ ಹೊಳಪು ಮೈಯ ದುಂಬಿಗಳ ಗುಂಪು. ಆಷ್ ಮರದ ಹಸಿರು ದುಂಬಿ ಇದಕ್ಕೆ ಸೇರಿದ್ದು. ಹತ್ತು ಮಿಲಿಮೀಟರ್ ಅಥವಾ ಹೆಚ್ಚು ಅಗಲವಾಗಿದ್ದರೆ ಉದ್ದಮೀಸೆ ದುಂಬಿ ಇರಬಹುದು. ಮಾವಿನ ಕಾಂಡ ಕೊರಕ, ಶ್ರೀಗಂಧ ಕೊರೆಯುವ ಹುಳುಗಳಲ್ಲೊಂದು, ಮಲೆನಾಡಿನ ಕಾಫಿಯ ಬಿಳಿ ಕಾಂಡ ಕೊರಕ ಇವೆಲ್ಲ ಅದೇ ಕುಟುಂಬದವು, ನಮ್ಮ ಹಳೆಯ ಪರಿಚಯ. ಶ್ರೀಗಂಧದಲ್ಲಿ ಗುಳಿಗೆಯಂಥ ಕೆಂಪು ಹಿಕ್ಕೆ ಉದುರಿದ್ದರೆ ಅದು ದುಂಬಿಯೇ ಅಲ್ಲ, ಒಂದು ಪತಂಗದ ಮರಿಹುಳು. 2001ರ ಕಾನೂನು ತಿದ್ದುಪಡಿಯ ಬಳಿಕ ಖಾಸಗಿ ಜಮೀನಿನಲ್ಲಿ ಶ್ರೀಗಂಧ ಬೆಳೆಯುವವರು ಹೆಚ್ಚಾಗಿದ್ದಾರೆ. ಅವರೂ ಈ ತರಬೇತಿಗೆ ಬರಬೇಕಾದವರು.

ಮೋಸಗೊಳಿಸುವ ಗುರುತುಗಳಿಗೆ ತರಬೇತಿಯಲ್ಲಿ ಹೆಚ್ಚು ಹೊತ್ತು ಕೊಡಬೇಕು. ನಮ್ಮ ಊರುಗಳಲ್ಲಿ ಮರದ ಮೇಲಿನ ತೂತಿಗೆ ದೊಡ್ಡ ಕಾರಣ ಮೊಳೆ. ಟ್ಯೂಷನ್ ಬೋರ್ಡು, ಸೈಟು ಮಾರಾಟದ ಫಲಕ ಹೊಡೆದು ಕಿತ್ತ ಜಾಗಗಳು ಸಾಲಾಗಿ, ಎದೆಮಟ್ಟದಲ್ಲಿ, ಸುತ್ತ ತುಕ್ಕಿನ ಕಲೆಯೊಂದಿಗೆ ಇರುತ್ತವೆ. ಒಣ ಕೊಂಬೆಯಲ್ಲಿ ಬೆರಳಿನಗಲದ ಅಚ್ಚುಕಟ್ಟಾದ ತೂತಿದ್ದರೆ ಅದು ಕಪ್ಪನೆಯ ಬಡಗಿ ಜೇನಿನ ಗೂಡು, ಮರಕ್ಕೆ ಹಾನಿಯಿಲ್ಲ. ತೊಗಟೆಯ ಮೇಲೆ ಮಣ್ಣಿನ ಪದರವಿದ್ದರೆ ಗೆದ್ದಲು. ಪೇರಲ, ದಾಳಿಂಬೆ, ಮಾವು, ಗುಲ್‌ಮೊಹರ್ ಕಾಂಡದ ಮೇಲೆ ಪುಡಿ ಮತ್ತು ರೇಷ್ಮೆ ಎಳೆ ಬೆರೆತ ಕಂದು ಪಟ್ಟಿಗಳು ಜೋತುಬಿದ್ದಿದ್ದರೆ ಅದು ತೊಗಟೆ ತಿನ್ನುವ ಹುಳು. ಹೊಸಬರು ಕಳಿಸುವ ಚಿತ್ರಗಳಲ್ಲಿ ಈ ಹುಳುವಿನದು ಬಂದೇ ಬರುತ್ತದೆ, ಆದ್ದರಿಂದ ಅದನ್ನು ಮೊದಲ ದಿನವೇ ತೋರಿಸಬೇಕು.

ಮರಕುಟಿಗದ ವಿಚಾರ ಬೇರೆ. ಅದು ಕುಟ್ಟಿದ ಗುರುತು ದುಂಬಿಯ ತೂತಲ್ಲ, ನಿಜ. ಆದರೆ ಮರಕುಟಿಗ ಕುಟ್ಟುವುದು ಎಷ್ಟೋ ಸಲ ಒಳಗೆ ಹುಳು ಇದೆ ಎಂದೇ. ಅಮೆರಿಕದಲ್ಲಿ ಆಷ್ ಮರದ ಮೇಲೆ ಮರಕುಟಿಗಗಳು ತೊಗಟೆ ಕೆದರಿ ತಿಳಿಬಣ್ಣದ ತೇಪೆಗಳನ್ನು ಉಳಿಸಿದ್ದೇ ಎಷ್ಟೋ ಕಡೆ ಮೊದಲ ಸುಳಿವಾಯಿತು. ಅಲ್ಲಿನ ಇನ್ನೊಂದು ಉಪಾಯ ನನಗೆ ತುಂಬ ಹಿಡಿಸಿದ್ದು. ಹೊಳಪು ದುಂಬಿಗಳನ್ನೇ ಬೇಟೆಯಾಡುವ ಒಂದು ಕಣಜ ಆಟದ ಮೈದಾನಗಳ ಗಟ್ಟಿ ಮರಳಿನಲ್ಲಿ ಗೂಡು ತೋಡುತ್ತದೆ. ಸ್ವಯಂಸೇವಕರು ಬೇಸಿಗೆಯಲ್ಲಿ ಆ ಗೂಡುಗಳ ಬಳಿ ಕೂತು, ಕಣಜ ಯಾವ ದುಂಬಿ ಹೊತ್ತು ತಂದಿತು ಎಂದು ಪರೀಕ್ಷಿಸುತ್ತಾರೆ. 2012ರಲ್ಲಿ ಕನೆಕ್ಟಿಕಟ್ ರಾಜ್ಯಕ್ಕೆ ಹಸಿರು ದುಂಬಿ ಕಾಲಿಟ್ಟದ್ದು ಮೊದಲು ತಿಳಿದದ್ದು ಹೀಗೆಯೇ.

ಸ್ವಯಂಸೇವಕರು ಎಂದರೆ ಎನ್ನೆಸ್ಸೆಸ್ ವಿದ್ಯಾರ್ಥಿಗಳು, ಜೋಗಿಮಟ್ಟಿಗೆ ಬೆಳಗಿನ ನಡಿಗೆ ಹೋಗುವವರು ಎಂದಷ್ಟೇ ನಾವು ಯೋಚಿಸುತ್ತೇವೆ. ಅವರು ಬೇಕು. ಆದರೆ ಮರದ ಮೇಲ್ಭಾಗವನ್ನು ಕೈಯಳತೆಯಲ್ಲಿ ನೋಡುವವರು ಬೇರೆ ಇದ್ದಾರೆ. ಹುಣಸೆ ಗುತ್ತಿಗೆ ಹಿಡಿದು ಕೊಂಬೆ ಕೊಂಬೆ ಹತ್ತುವವರು, ತಂತಿಗೆ ತಾಗುವ ರೆಂಬೆ ಸವರುವ ಬೆಸ್ಕಾಂ ಲೈನ್‌ಮನ್‌ಗಳು, ದಿಮ್ಮಿ ಸೀಳುವಾಗ ಒಳಗಿನ ಸುರಂಗವನ್ನು ದಿನವೂ ಕಾಣುವ ಸಾಮಿಲ್ ಕೆಲಸಗಾರರು. ತರಬೇತಿಯ ಮೊದಲ ಆಹ್ವಾನ ಇವರಿಗೆ ಹೋಗಬೇಕು, ಅದೂ ಅವರ ಒಂದು ದಿನದ ಕೂಲಿ ಕೊಟ್ಟು. ನೂರು ರೂಪಾಯಿಯ ಭೂತಗನ್ನಡಿ, ಅಳತೆಪಟ್ಟಿ, ಮೊಬೈಲು ಇದ್ದರೆ ಉಳಿದ ಸಲಕರಣೆ ಬೇಕಿಲ್ಲ.

‘ಏನೂ ಇಲ್ಲ’ ಎಂಬ ವರದಿ

ಮರದ ಬಳಿ ಹೋಗಿ ನೋಡಿ ಏನೂ ಸಿಗಲಿಲ್ಲವಾದರೆ ಹೆಚ್ಚಿನವರು ಬರೆಯುವುದೇ ಇಲ್ಲ. ಇಡೀ ಕಾವಲಿನ ಅರ್ಧ ಬೆಲೆ ಅಲ್ಲೇ ಹೋಗುತ್ತದೆ. ಬಾತಿ ಗುಡ್ಡದ ರಸ್ತೆಯಲ್ಲಿ ನಲವತ್ತು ಹೊಂಗೆ ನೋಡಿದೆವು, ಇಂಥ ತಾರೀಖು, ಏನೂ ಇರಲಿಲ್ಲ ಎಂದು ದಾಖಲಾಗಿದ್ದರೆ, ಮುಂದೆ ಅಲ್ಲಿ ದುಂಬಿ ಸಿಕ್ಕಾಗ ಅದು ಯಾವಾಗ ಬಂತು, ಎಷ್ಟು ದೂರ ಹರಡಿರಬಹುದು ಎಂದು ಅಂದಾಜಿಸಬಹುದು. ದಾಖಲೆ ಇಲ್ಲದಿದ್ದರೆ ಯಾರೂ ನೋಡಲಿಲ್ಲವೋ, ನೋಡಿದರೂ ಇರಲಿಲ್ಲವೋ ತಿಳಿಯುವುದಿಲ್ಲ.

ಒಂದು ಸಲ ನೋಡಿದರೆ ಸಾಲದು ಎಂಬುದನ್ನು ಲೆಕ್ಕದಲ್ಲೇ ತೋರಿಸಬಹುದು. ದುಂಬಿ ಇರುವ ಮರವನ್ನು ಒಬ್ಬರು ಒಮ್ಮೆ ನೋಡಿದಾಗ ಗುರುತು ಹಿಡಿಯುವ ಸಾಧ್ಯತೆ ನೂರಕ್ಕೆ 30 ಎಂದಿಟ್ಟುಕೊಳ್ಳಿ. ತಪ್ಪಿಹೋಗುವುದು 70. ಬೇರೆಯವರು ಬೇರೆ ದಿನ ಹೋಗಿ ನೋಡಿದರೆ ಇಬ್ಬರಿಗೂ ತಪ್ಪುವುದು 49. ಮೂವರಿಗೂ ತಪ್ಪುವುದು 34ರಷ್ಟು, ಆರು ಭೇಟಿಗಳಾದರೆ 12ಕ್ಕಿಂತ ಕಡಿಮೆ. ಪ್ರತಿ ಭೇಟಿಯಲ್ಲೂ ಕಣ್ಣು ಅಷ್ಟೇನೂ ಚುರುಕಿಲ್ಲದಿದ್ದರೂ, ಮತ್ತೆ ಮತ್ತೆ ಹೋಗುವ ಸಾಧಾರಣ ಜನರ ಗುಂಪು ವರ್ಷಕ್ಕೊಮ್ಮೆ ಬರುವ ನಿಪುಣರನ್ನು ಮೀರಿಸಬಲ್ಲದು.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. 1,000 ಮರಗಳಲ್ಲಿ ನಿಜವಾಗಿ ಹೊಸ ದುಂಬಿ ಇರುವುದು ಎರಡರಲ್ಲಿ ಎನ್ನಿ. ಸ್ವಯಂಸೇವಕರು ಆರೋಗ್ಯವಾದ ಮರಗಳಲ್ಲಿ ನೂರಕ್ಕೆ ಐದನ್ನು ತಪ್ಪಾಗಿ ಅನುಮಾನಿಸಿದರೆ ಸುಮಾರು 50 ಸುಳ್ಳು ವರದಿ ಬರುತ್ತವೆ. ನಿಜವಾದ ಎರಡೂ ಸಿಕ್ಕರೂ 52ರಲ್ಲಿ 50 ಸುಳ್ಳು. ಇದು ಯಾರ ದಡ್ಡತನವೂ ಅಲ್ಲ, ಅಪರೂಪದ್ದನ್ನು ಹುಡುಕುವಾಗ ಲೆಕ್ಕವೇ ಹಾಗೆ. ಇದನ್ನು ಮೊದಲೇ ಹೇಳದಿದ್ದರೆ ನಾಲ್ಕು ಸಲ ‘ಅದಲ್ಲ’ ಎಂಬ ಉತ್ತರ ಬಂದವರು ಐದನೆಯ ಸಲ ಕಳಿಸುವುದನ್ನೇ ಬಿಡುತ್ತಾರೆ. ಐದನೆಯದೇ ನಿಜವಾಗಿರಬಹುದು.

ಆ 52ರಲ್ಲಿ ಬಹುಪಾಲನ್ನು ಮೇಜಿನ ಮುಂದೆ ಕೂತೇ ಬದಿಗಿಡಲು ತಜ್ಞರಿಗೆ ನೆರವಾಗುವುದು ಒಳ್ಳೆಯ ಚಿತ್ರ. ಪ್ರತಿ ವರದಿಗೆ ಮೂರು ಚಿತ್ರ ಬೇಕು: ಇಡೀ ಮರ, ಕಾಂಡದ ಆ ಭಾಗ, ತೂತಿನ ಹತ್ತಿರದ ನೋಟ. ಹತ್ತಿರದ ಚಿತ್ರದಲ್ಲಿ ಅಳತೆಪಟ್ಟಿ ಅಥವಾ ನಾಣ್ಯ ಇರಲೇಬೇಕು. ಜೊತೆಗೆ ಮರದ ಜಾತಿ, ತಾರೀಖು, ಮೊಬೈಲಿನ ಜಿಪಿಎಸ್ ಗುರುತು. ಹೊಂಗೆ ಮರದ ಹತ್ತಿರ ಎಂದರೆ ಯಾರಿಗೂ ಸಿಗದು. ಇಂಥ ಶಾಲೆಯ ಗೇಟಿನಿಂದ ಎಡಕ್ಕೆ ಮೂರನೆಯ ಮರ ಎಂದು ಬರೆದರೆ ಸಿಗುತ್ತದೆ. ದುಂಬಿಯೇ ಸಿಕ್ಕರೆ ಜೀವಂತ ಒಯ್ಯಬಾರದು. ಗಟ್ಟಿ ಮುಚ್ಚಳದ ಸಣ್ಣ ಬಾಟಲಿಯಲ್ಲಿ ಆಲ್ಕೋಹಾಲ್ ಇರುವ ನೀರಿನಂಥ ಸ್ಯಾನಿಟೈಸರ್ ಹಾಕಿ ಅದರಲ್ಲಿ ಮುಳುಗಿಸಿದರೆ ಸಾಯುತ್ತದೆ, ಕೆಡದೆ ಉಳಿಯುತ್ತದೆ.

ವರದಿ ಹೋದ ಮೇಲೆ

ಎಲ್ಲಿಗೆ ಕಳಿಸುವುದು ಎಂಬುದು ಮೊದಲ ದಿನವೇ ತೀರ್ಮಾನವಾಗಿರಬೇಕು. ತೋಟದ ಬೆಳೆಯಾದರೆ ದಾವಣಗೆರೆಯವರಿಗೆ ತರಳಬಾಳು ಕೃಷಿ ವಿಜ್ಞಾನ ಕೇಂದ್ರ, ಚಿತ್ರದುರ್ಗದವರಿಗೆ ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರ ಹತ್ತಿರದ ಬಾಗಿಲುಗಳು. ಕಾಡುಮರ, ಶ್ರೀಗಂಧ, ದಿಮ್ಮಿಯ ವಿಚಾರಕ್ಕೆ ಬೆಂಗಳೂರಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಗುರುತೇ ಸಿಗದ ದುಂಬಿಯನ್ನು ಹೆಸರಿಸಬಲ್ಲವರು ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯಲ್ಲಿದ್ದಾರೆ. ಪ್ರತಿಯೊಬ್ಬ ಸ್ವಯಂಸೇವಕರೂ ನೇರವಾಗಿ ಇವರನ್ನು ಹುಡುಕಿಕೊಂಡು ಹೋಗುವುದಲ್ಲ. ತಾಲ್ಲೂಕಿಗೆ ಒಬ್ಬ ಸಂಚಾಲಕರು ಚಿತ್ರಗಳನ್ನು ಮೊದಲು ಸೋಸಬೇಕು. ಕಾಲೇಜಿನ ಪ್ರಾಣಿಶಾಸ್ತ್ರ ಅಧ್ಯಾಪಕರು ಈ ಕೆಲಸಕ್ಕೆ ಹೇಳಿಮಾಡಿಸಿದವರು. ಬಂದ ಪ್ರತಿ ವರದಿಗೂ, ಅದು ಮೊಳೆಯ ತೂತೇ ಆಗಿರಲಿ, ವಾರದೊಳಗೆ ಕಾರಣ ಸಮೇತ ಉತ್ತರ ಹೋಗಬೇಕು. ಬ್ರಿಟನ್ನಿನಲ್ಲಿ ‘ಅಬ್ಸರ್ವಾಟ್ರೀ’ ಯೋಜನೆ ಸುಮಾರು 200 ಸ್ವಯಂಸೇವಕರನ್ನು ತರಬೇತುಗೊಳಿಸಿ ವರ್ಷಗಟ್ಟಲೆ ಉಳಿಸಿಕೊಂಡಿದೆ. ಜನರನ್ನು ಕರೆಯುವುದು ಸುಲಭ, ಹೀಗೆ ಉಳಿಸಿಕೊಳ್ಳುವುದೇ ಕಷ್ಟ.

ಸ್ವಯಂಸೇವಕರು ಮಾಡಬಾರದ್ದೂ ಇದೆ. ತೂತಿಗೆ ಸೀಮೆಎಣ್ಣೆ ಸುರಿಯುವುದು, ಪರೀಕ್ಷೆಗೆಂದು ತೊಗಟೆ ಸುಲಿಯುವುದು, ಅನುಮಾನದ ಚಿತ್ರವನ್ನು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕಿ ಊರನ್ನು ಗಾಬರಿಗೊಳಿಸುವುದು. ಎಲ್ಲಕ್ಕಿಂತ ಮುಖ್ಯವಾಗಿ ಮರ ಕಡಿಯುವುದು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ, ವಿನಾಯಿತಿ ಇರುವ ಜಾತಿಗಳನ್ನು ಬಿಟ್ಟು, ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಕಡಿಯಬೇಕೆಂದು ತಜ್ಞರೇ ಹೇಳಿದರೂ ಕಡಿದ ಕಟ್ಟಿಗೆಯನ್ನು ಸೌದೆ ಡಿಪೋಗೆ ಮಾರಿಬಿಟ್ಟರೆ ಹುಳುವನ್ನು ನಾವೇ ಲಾರಿ ಹತ್ತಿಸಿದಂತೆ. ಕ್ಯಾಲಿಫೋರ್ನಿಯಾದಲ್ಲಿ ಅಂಥ ಕಟ್ಟಿಗೆಯನ್ನು ಒಂದಂಗುಲಕ್ಕಿಂತ ಸಣ್ಣ ಚೂರುಗಳಾಗಿ ಮಾಡಿ, ಪ್ಲಾಸ್ಟಿಕ್ ಹೊದಿಕೆಯಡಿ ಬಿಸಿಲಿಗೆ ಬೇಯಿಸುತ್ತಾರೆ. ನಮ್ಮ ಏಪ್ರಿಲ್ ಬಿಸಿಲಿಗೆ ಆ ಕೆಲಸ ಇನ್ನೂ ಚೆನ್ನಾಗಿ ಆಗುತ್ತದೆ.

ಮೊದಲ ಸುತ್ತಿಗೆ ಜನವರಿ ಕೊನೆ ಒಳ್ಳೆಯ ಹೊತ್ತು. ಎಲೆ ಉದುರುವ ಮರಗಳಲ್ಲಿ ಕೊಂಬೆ, ಕಾಂಡ ಬಿಚ್ಚಿ ಕಾಣುತ್ತವೆ, ಮಳೆಯಿಲ್ಲದೆ ಪುಡಿ ಇದ್ದಲ್ಲೇ ಇರುತ್ತದೆ, ಹುಣಸೆ ಕೊಯ್ಲಿನವರು ಮರ ಹತ್ತಲು ಶುರುಮಾಡಿರುತ್ತಾರೆ. ಎರಡನೆಯ ಸುತ್ತು ಮುಂಗಾರಿನ ಮೊದಲ ಮಳೆಗಳ ಬಳಿಕ, ದೊಡ್ಡ ದುಂಬಿಗಳು ಹೊರಬೀಳುವ ಕಾಲಕ್ಕೆ. ಆಗ ರಾತ್ರಿ ಬೀದಿದೀಪದ ಕೆಳಗೂ ಒಮ್ಮೆ ನೋಡಬೇಕು.